ತುರಿಸುವ ನೆತ್ತಿಗೆ ಯಾವುದು ಆದೀತು? ಶಾಂಪೂ, ಸೀಗೆ, ಎಣ್ಣೆ, ಬಣ್ಣ, ಡ್ರೈಯರ್‌ಗಳ ಹೋಲಿಕೆ

ಮುಂಬೈಯಲ್ಲಿ ತಲೆ ತುರಿಸುತ್ತದೆ ಎಂದು ಬಾಯಿಬಿಟ್ಟರೆ ಸಾಕು, ಸಲಹೆಗೆ ಬರವಿಲ್ಲ. ಊರಿಂದ ಅಮ್ಮ ಸೀಗೆಪುಡಿ ಕಳಿಸುತ್ತಾರೆ. ಆಫೀಸಿನ ಗೆಳತಿ ಸಲ್ಫೇಟ್ ಇಲ್ಲದ ದುಬಾರಿ ಶಾಂಪೂ ಹೆಸರು ಹೇಳುತ್ತಾಳೆ. ಕೆಮಿಸ್ಟ್ ಅಂಗಡಿಯವನು ಪೂರ್ತಿ ಕೇಳುವ ಮೊದಲೇ ಕೀಟೊಕೊನಜೋಲ್ ಎಂಬ ಶಿಲೀಂಧ್ರನಾಶಕ ಶಾಂಪೂವಿನ ಬಾಟಲಿ ಕೈಗಿಡುತ್ತಾನೆ. ಪಾರ್ಲರಿನವಳದು ಒಂದೇ ಮಾತು: "ಅಮೋನಿಯಾ ಫ್ರೀ ಇದೆ, ಏನೂ ಆಗಲ್ಲ." ಮಾಟುಂಗದಿಂದ ಡೊಂಬಿವಲಿವರೆಗೆ ನನ್ನ ಪರಿಚಯದ ಎಷ್ಟೋ ಮನೆಗಳ ಬಚ್ಚಲಲ್ಲಿ ಈ ನಾಲ್ಕೂ ಸಾಲಾಗಿ ನಿಂತಿವೆ. ತುರಿಕೆ ಮಾತ್ರ ಹಾಗೇ ಇದೆ.

ಯಾವುದು ಒಳ್ಳೆಯದು ಎನ್ನುವ ಮೊದಲು ನಿಮ್ಮ ತಲೆಗೆ ಆಗಿರುವುದು ಏನು ಎಂದು ನೋಡಬೇಕು. ಮೂರು ಬೇರೆ ಬೇರೆ ತೊಂದರೆಗಳನ್ನು ನಾವು 'ತುರಿಕೆ' ಎಂಬ ಒಂದೇ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ.

ಮೊದಲನೆಯದು ಬರೀ ಉರಿ. ಶಾಂಪೂ ಹಚ್ಚಿದಾಗಲೋ ತೊಳೆದ ಸ್ವಲ್ಪ ಹೊತ್ತಿಗೋ ಚುರುಚುರು ಎನ್ನುತ್ತದೆ, ಚರ್ಮ ಒಣಗಿ ಬಿಗಿಯುತ್ತದೆ. ಖಾರವಾದ ನೊರೆಕಾರಕ, ಬಿಸಿನೀರು, ದಿನಾ ತಲೆಸ್ನಾನ ಇವೆಲ್ಲ ಕಾರಣ. ಎರಡನೆಯದು ನಿಜವಾದ ಅಲರ್ಜಿ. ಇದು ತಡವಾಗಿ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನ ಕಳೆದ ಮೇಲೆ ಗಂದೆ, ನೀರುಗುಳ್ಳೆ, ಊತ ಕಾಣಿಸುತ್ತದೆ. ನೆತ್ತಿಯ ಚರ್ಮ ದಪ್ಪ. ಹಾಗಾಗಿ ಅಲ್ಲಿ ಏನೂ ಕಾಣದೆ ಕಣ್ಣುರೆಪ್ಪೆ, ಕಿವಿಯ ಹಿಂಭಾಗ, ಕತ್ತು, ಹಣೆಯ ಅಂಚಿನಲ್ಲಿ ತುರಿಕೆ ಏಳುವುದೇ ಜಾಸ್ತಿ. ನೊರೆ ಹರಿದುಹೋಗುವ ದಾರಿ ಅದೇ ಅಲ್ವಾ? ನನ್ನ ನಾದಿನಿ ತಿಂಗಳುಗಟ್ಟಲೆ ಕಾಡಿಗೆ ಬದಲಿಸುತ್ತಿದ್ದಳು, ತೊಂದರೆ ಇದ್ದದ್ದು ಶಾಂಪೂವಿನಲ್ಲಿ. ಮೂರನೆಯದು ಹೊಟ್ಟು. ಎಣ್ಣೆಜಿಡ್ಡಿನ ಹಳದಿ ಪದರ ಏಳುತ್ತಿದ್ದರೆ, ಹುಬ್ಬು ಮತ್ತು ಮೂಗಿನ ಪಕ್ಕವೂ ಕೆಂಪಾಗಿದ್ದರೆ, ಅದು ಚರ್ಮದ ಮೇಲೆ ಸದಾ ಇರುವ ಮಲಸೀಜಿಯ ಎಂಬ ಶಿಲೀಂಧ್ರದ ಕೆಲಸ ಇರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕೂದಲನ್ನೇ ತುರುಬು ಕಟ್ಟಿ 8.10ರ ಲೋಕಲ್ ಹಿಡಿಯುವವರಿಗೆ ಇದು ಗೊತ್ತಿರುವ ಕಥೆ.

ಉರಿಗೆ ಮೆದು ಶಾಂಪೂ ಸಾಕು. ಅಲರ್ಜಿಗೆ ಮೆದು ಎಂಬುದು ಲೆಕ್ಕಕ್ಕಿಲ್ಲ, ಆಗದ ವಸ್ತು ಒಂದು ಹನಿಯೂ ಇರಬಾರದು. ಹೊಟ್ಟಿಗೆ ಔಷಧವೇ ಬೇಕು.

ಯಾವುದನ್ನು ನೋಡಿ ಆರಿಸಬೇಕು

ನಾನು ನೋಡುವುದು ಮುಖ್ಯವಾಗಿ ಎರಡು. ಒಂದು, ಆ ವಸ್ತು ತಲೆಯ ಮೇಲೆ ಎಷ್ಟು ಹೊತ್ತು ಇರುತ್ತದೆ. ಎರಡು ನಿಮಿಷದಲ್ಲಿ ತೊಳೆದುಹೋಗುವ ಶಾಂಪೂವಿನಲ್ಲಿ ಸುವಾಸನೆ ಇದ್ದರೆ ಒಂದು ಲೆಕ್ಕ. ರಾತ್ರಿಯಿಡೀ ಉಳಿಯುವ ಎಣ್ಣೆಯಲ್ಲಿ, ಸೀರಮ್‌ನಲ್ಲಿ ಅದೇ ಇದ್ದರೆ ಬೇರೆ ಲೆಕ್ಕ. ಎರಡು, ಹಿಂಬದಿಯ ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆ. ಪಟ್ಟಿ ಚಿಕ್ಕದಿದ್ದಷ್ಟು ಅನುಮಾನ ಪಡಬೇಕಾದದ್ದು ಕಡಿಮೆ. ನಮ್ಮ ದೇಶದ ನಿಯಮದ ಪ್ರಕಾರ ಶೇ. 1ಕ್ಕಿಂತ ಜಾಸ್ತಿ ಇರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಅಲರ್ಜಿ ತರುವ ಸಂರಕ್ಷಕಗಳು, ಅಂದರೆ ವಸ್ತು ಕೆಡದಂತೆ ಹಾಕುವ ರಾಸಾಯನಿಕಗಳು, ಸಾಮಾನ್ಯವಾಗಿ ಆ ಕೊನೆಯ ಸಾಲಿನಲ್ಲೇ ಕೂತಿರುತ್ತವೆ. ಆದ್ದರಿಂದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ.

ಕಣ್ಣಾಡಿಸಬೇಕಾದ ಹೆಸರುಗಳು ಹೆಚ್ಚಿಲ್ಲ. 'ಫ್ರಾಗ್ರೆನ್ಸ್' ಅಥವಾ 'ಪರ್ಫ್ಯೂಮ್' ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರಬಹುದು. ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕವನ್ನು ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರ 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತ್ತು. ಹಚ್ಚಿ ಬಿಡುವ ಸೌಂದರ್ಯವರ್ಧಕಗಳಲ್ಲಿ ಅದನ್ನು ಬಳಸುವುದನ್ನು ಯುರೋಪು 2017ರಿಂದ ನಿಲ್ಲಿಸಿದೆ. ಡಿಎಂಡಿಎಂ ಹೈಡಾಂಟೋಯಿನ್, ಕ್ವಾಟರ್ನಿಯಮ್-15 ಇವು ಅಲರ್ಜಿ ತರುವ ಫಾರ್ಮಾಲ್ಡಿಹೈಡ್ ಅನ್ನು ಬಿಡುವ ಜಾತಿಯ ಸಂರಕ್ಷಕಗಳು. ಬಣ್ಣಗಳಲ್ಲಿ ಪ್ಯಾರಾ-ಫಿನೈಲೀನ್‌ಡಯಮೀನ್, ಅಂದರೆ ಪಿಪಿಡಿ. ಅದರ ಮಾತು ಮುಂದೆ ಬರುತ್ತದೆ.

'ಹೈಪೋಅಲರ್ಜೆನಿಕ್', 'ಡರ್ಮಟಾಲಜಿಸ್ಟ್ ಟೆಸ್ಟೆಡ್', 'ನ್ಯಾಚುರಲ್' ಎಂಬ ಮುಂಬದಿಯ ಮಾತುಗಳನ್ನು ನಂಬಿ ಸುಮ್ನೆ ದುಡ್ಡು ಸುರಿಯಬೇಡಿ. 'ಅನ್‌ಸೆಂಟೆಡ್' ಎಂದರೆ ಸುವಾಸನೆ ಇಲ್ಲ ಎಂದೇ ಅರ್ಥವಲ್ಲ. ವಾಸನೆ ಮುಚ್ಚಲು ಇನ್ನೊಂದು ಸುವಾಸನೆ ಹಾಕಿರಬಹುದು. 'ಫ್ರಾಗ್ರೆನ್ಸ್ ಫ್ರೀ' ಎಂದಿರುವುದನ್ನು ಹುಡುಕಿ, ಆಮೇಲೂ ಪಟ್ಟಿ ನೋಡಿ.

ತೊಳೆಯಲು: ಸ್ಯಾಷೆಯಿಂದ ಸೀಗೆವರೆಗೆ

ಸಾಮಾನ್ಯ ಮಾರುಕಟ್ಟೆಯ ಶಾಂಪೂವಿನ ಅನುಕೂಲ ಬೆಲೆ. ಒಂದೆರಡು ರೂಪಾಯಿಯ ಸ್ಯಾಷೆಯಲ್ಲೂ ತಲೆ ಸ್ವಚ್ಛವಾಗುತ್ತದೆ. ತೊಂದರೆ ಏನೆಂದರೆ ಘಾಟು ಸುವಾಸನೆ, ಜೊತೆಗೆ ಜೋರಾದ ನೊರೆಕಾರಕ. ಸೋಡಿಯಂ ಲಾರಿಲ್ ಸಲ್ಫೇಟ್ ಎಂಥ ಉರಿಕಾರಕ ಎಂದರೆ, ಚರ್ಮದ ಪ್ರಯೋಗಗಳಲ್ಲಿ ಬೇಕೆಂದೇ ಉರಿ ಬರಿಸಲು ಅದನ್ನೇ ಬಳಸುತ್ತಾರೆ. ಹೆಸರಿನಲ್ಲಿ 'ಲಾರೆತ್' ಎಂದಿದ್ದರೆ ಅದು ಸ್ವಲ್ಪ ಸೌಮ್ಯ. ಸ್ಯಾಷೆಯ ಹಿಂಬದಿಯ ಅಕ್ಷರಗಳನ್ನು ಓದಲು ಭೂತಗನ್ನಡಿ ಬೇಕು. ಅಲರ್ಜಿ ಇರುವವರಿಗೆ ಸ್ಯಾಷೆ ಬೇಡ ಎನ್ನಲು ನನಗೆ ಆ ಒಂದು ಕಾರಣವೇ ಸಾಕು.

ದುಬಾರಿ 'ಸಲ್ಫೇಟ್ ಫ್ರೀ' ಶಾಂಪೂ ಉರಿ ಇರುವವರಿಗೆ ನಿಜಕ್ಕೂ ಹಿತ. ಅಲರ್ಜಿ ಇರುವವರಿಗೆ ಹಾಗೆಂದು ಹೇಳಲು ಬರುವುದಿಲ್ಲ. ಸಲ್ಫೇಟ್ ತೆಗೆದ ಜಾಗಕ್ಕೆ ತೆಂಗಿನೆಣ್ಣೆಯಿಂದ ತಯಾರಾಗುವ ಕೊಕಮಿಡೊಪ್ರೊಪೈಲ್ ಬೀಟೈನ್ ಅಥವಾ ಡೆಸಿಲ್ ಗ್ಲುಕೋಸೈಡ್ ಬಂದಿರುತ್ತದೆ. ಬೀಟೈನ್ ತಯಾರಿಕೆಯಲ್ಲಿ ಉಳಿಯುವ ಕಲ್ಮಶಗಳು ಅಲರ್ಜಿ ತರುತ್ತವೆ. ಅದು 2004ರ 'ವರ್ಷದ ಅಲರ್ಜಿಕಾರಕ', ಗ್ಲುಕೋಸೈಡ್‌ಗಳು 2017ರದ್ದು. ಮೇಲಿಂದ ಟೀ ಟ್ರೀ, ಲ್ಯಾವೆಂಡರ್ ಎಣ್ಣೆಯನ್ನೂ ಸುರಿದಿರುತ್ತಾರೆ. ಇವುಗಳಲ್ಲಿರುವ ಲಿಮೋನೀನ್, ಲಿನಲೂಲ್‌ನಂಥ ವಸ್ತುಗಳು ಗಾಳಿಗೆ ತೆರೆದುಕೊಂಡಷ್ಟೂ ಅಲರ್ಜಿ ತರುವ ಗುಣ ಜಾಸ್ತಿ. ಆರು ತಿಂಗಳಿಂದ ಅರ್ಧ ಖಾಲಿಯಾಗಿ ನಿಂತ ಬಾಟಲಿ ಹೊಸದಕ್ಕಿಂತ ಕೆಟ್ಟದ್ದಿರಬಹುದು. ಮಕ್ಕಳ ಶಾಂಪೂವಿನದೂ ಹೆಚ್ಚುಕಡಿಮೆ ಇದೇ ಕಥೆ. ಕಣ್ಣಿಗೆ ಉರಿ ಇಲ್ಲ, ಆದರೆ ಬೀಟೈನ್ ಮತ್ತು ಸುವಾಸನೆ ಎರಡೂ ಇರುವುದು ಸಾಮಾನ್ಯ.

ಇನ್ನು ಸೀಗೆ. ಇದರ ಬಗ್ಗೆ ನನಗೆ ಪಕ್ಷಪಾತ ಇದೆ, ಆದರೆ ಅದೂ ಷರತ್ತಿನ ಮೇಲೆ. ಬರೀ ಸೀಗೆಕಾಯಿ ಅಂದರೆ ಒಂದೇ ವಸ್ತು, ಪಟ್ಟಿಯೇ ಬೇಡ. ಕಾಯಿಯಲ್ಲಿರುವ ಸಪೋನಿನ್ ನೊರೆ ಬರಿಸಿ ಜಿಡ್ಡು ತೆಗೆಯುತ್ತದೆ. ಅಂಗಡಿಯ 'ಹರ್ಬಲ್ ಹೇರ್ ವಾಶ್ ಪುಡಿ' ಇದಕ್ಕೆ ಸಮವಲ್ಲ. ಅದರಲ್ಲಿ ಹತ್ತು ಹನ್ನೆರಡು ಗಿಡಮೂಲಿಕೆ ಇರುತ್ತವೆ. ಯಾವುದಾದರೂ ಆಗದಿದ್ದರೆ ಕಂಡುಹಿಡಿಯುವುದು ಹೇಗೆ? ಮಾಟುಂಗ ಸ್ಟೇಷನ್ ಆಸುಪಾಸಿನ ದಕ್ಷಿಣದವರ ಅಂಗಡಿಗಳಲ್ಲಿ ಇಡೀ ಕಾಯಿ ಕೇಳಿ. ಸೀಗೆಯಂತೆಯೇ ನೊರೆ ಕೊಡುವ ಅಂಟುವಾಳ ಬೇಕಿದ್ದರೆ ಬೇರೆ ಕಡೆ ರಿಠಾ ಎಂದು ಕೇಳಬೇಕು. ಪುಡಿ ಮಾಡಿಸಲು ಬೀದಿಯ ಚಕ್ಕಿಗೆ ಕೊಡುವವರು ಒಂದು ವಿಷಯ ವಿಚಾರಿಸಿಕೊಳ್ಳಿ. ಅದೇ ಯಂತ್ರದಲ್ಲಿ ಸ್ವಲ್ಪ ಮೊದಲು ಮೆಣಸಿನಕಾಯಿ ಬೀಸಿದ್ದರೆ ಉರಿಗೆ ಸೀಗೆ ಕಾರಣ ಅಲ್ಲ. ಪುಡಿಗಿಂತ ಮೇಲಾದ ದಾರಿ ಇನ್ನೊಂದಿದೆ. ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನು ಬಳಸುವುದು. ತರಿ ಪುಡಿ ನೆತ್ತಿಯನ್ನು ಗೀರುತ್ತದೆ, ಹಾರಿದರೆ ಸೀನು ತರಿಸುತ್ತದೆ. ಆಸ್ತಮಾ ಇರುವವರು ಪುಡಿ ಮುಟ್ಟದಿರುವುದೇ ಸರಿ. ಅಂಟುವಾಳ ಕಣ್ಣಿಗೆ ಬಿದ್ದರೆ ಜೋರು ಉರಿ. ಬಿರುಕು ಬಿಟ್ಟ, ನೀರು ಜಿನುಗುವ ನೆತ್ತಿಗೆ ಎರಡೂ ಬೇಡ.

ಬೆಳಿಗ್ಗೆ ಆರೂವರೆಗೆ ಮನೆ ಬಿಡುವವರಿಗೆ ಸೀಗೆ ಕುದಿಸುವ ಪುರುಸೊತ್ತು ಎಲ್ಲಿ ಎನ್ನುವುದು ನ್ಯಾಯವಾದ ಪ್ರಶ್ನೆ. ಭಾನುವಾರ ಸೀಗೆ, ವಾರದ ಮಧ್ಯೆ ಒಮ್ಮೆ ಸುವಾಸನೆ ಇಲ್ಲದ ಮೆದು ಶಾಂಪೂ ಎಂದು ಹಂಚಿಕೊಳ್ಳಬಹುದು. ಕಡಲೆಹಿಟ್ಟು, ದಾಸವಾಳದ ಎಲೆಯ ಲೋಳೆ ಕೂಡ ಹಿತವೇ. ಆದರೆ ಜಿಡ್ಡು ಪೂರ್ತಿ ಹೋಗುವುದಿಲ್ಲ, ಮಳೆಗಾಲದಲ್ಲಿ ಹಿಟ್ಟು ಕೂದಲಲ್ಲೇ ಉಳಿದು ಮುಗ್ಗಲು ವಾಸನೆ ಬರುತ್ತದೆ.

ನೀರಿನ ಮಾತು ಮರೆಯಬಾರದು. ಮಹಾನಗರಪಾಲಿಕೆಯ ನಲ್ಲಿಗೆ ಬರುವುದು ತಾನ್ಸಾ, ಭಾತ್ಸಾ, ವೈತರಣಾದಂಥ ಕೆರೆಗಳ ನೀರು. ಅದರಲ್ಲಿ ಗಡಸು ಕಡಿಮೆ. ಟ್ಯಾಂಕರ್ ಅಥವಾ ಬೋರ್‌ನ ಗಡಸು ನೀರನ್ನೇ ನಂಬಿದ ಹೊಸ ಕಾಂಪ್ಲೆಕ್ಸ್‌ಗಳಲ್ಲಿ ನೊರೆ ಬರುವುದಿಲ್ಲ ಎಂದು ಜನ ಶಾಂಪೂ ಎರಡು ಪಾಲು ಹಾಕುತ್ತಾರೆ. ಮನೆ ಬದಲಿಸಿದ ಮೇಲೆ ತುರಿಕೆ ಶುರುವಾಗಿದ್ದರೆ ಬಾಟಲಿಯ ಜೊತೆ ನೀರನ್ನೂ ಅನುಮಾನಿಸಿ. ಕೊನೆಯ ತಂಬಿಗೆಗಳಿಗೆ ಕುಡಿಯುವ ನೀರನ್ನು ಬಳಸಿ ನೋಡಿ.

ಕೀಟೊಕೊನಜೋಲ್ ಶೇ. 2ರ ಶಾಂಪೂ ಹೊಟ್ಟಿಗೆ ಮಾತ್ರ. ವಾರಕ್ಕೆ ಎರಡು ಸಲ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆದು, ಎರಡರಿಂದ ನಾಲ್ಕು ವಾರ ಬಳಸುವುದು ರೂಢಿ. ಹಚ್ಚಿದ ಕೂಡಲೇ ತೊಳೆದು 'ಕೆಲಸ ಮಾಡಲಿಲ್ಲ' ಎನ್ನುವವರೇ ಬಹಳ. ಅಲರ್ಜಿಗೆ ಇದು ಮದ್ದಲ್ಲ, ಇದರಲ್ಲೂ ಸುವಾಸನೆ, ಸಂರಕ್ಷಕ ಇರಬಹುದು. ಕೆಮಿಸ್ಟ್ ಜೊತೆಗೊಂದು ಸ್ಟೀರಾಯ್ಡ್ ಲೋಶನ್ ಕೊಟ್ಟರೆ ವೈದ್ಯರ ಚೀಟಿ ಇಲ್ಲದೆ ತರಬೇಡಿ.

ಕಂಡೀಷನರ್ ಬಗ್ಗೆ ಒಂದೇ ಮಾತು: ಬುಡಕ್ಕೆ ಬೇಡ, ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ. ತಲೆ ಬಗ್ಗಿಸಿ ತೊಳೆದರೆ ಬೆನ್ನಿಗೂ ಕತ್ತಿಗೂ ತಾಗುವುದಿಲ್ಲ.

ಎಣ್ಣೆ

ಶುದ್ಧ ಕೊಬ್ಬರಿ ಎಣ್ಣೆ ಒಂದೇ ವಸ್ತು, ಅಗ್ಗ, ಅಲರ್ಜಿ ಅಪರೂಪ. ಸುಲಭ ಗುರುತು: ಬಾಟಲಿಯ ಮೇಲೆ ಆಹಾರ ಪದಾರ್ಥದ ಎಫ್‌ಎಸ್‌ಎಸ್‌ಎಐ ಮುದ್ರೆ ಇದ್ದರೆ ಅದು ತಿನ್ನುವ ಎಣ್ಣೆ, ಸುವಾಸನೆ ಸೇರಿರುವುದಿಲ್ಲ. ತಲೆಗೂ ಅದೇ ಇರಲಿ. ಮಲ್ಲಿಗೆ ವಾಸನೆಯ ಎಣ್ಣೆ, ಕರ್ಪೂರ ಮತ್ತು ಮೆಂಥಾಲ್ ಹಾಕಿದ 'ತಂಪು' ಎಣ್ಣೆ ಆ ಹೊತ್ತಿಗೆ ಹಾಯೆನಿಸುತ್ತದೆ, ಸೂಕ್ಷ್ಮ ಚರ್ಮವನ್ನು ಕೆಣಕುತ್ತದೆ. ಸಾಸಿವೆ ಎಣ್ಣೆಯಂತೂ ಉರಿಕಾರಕವೇ.

ಗರುಗದ ಸೊಪ್ಪಿನ, ಅಂದರೆ ಭೃಂಗರಾಜದ ಎಣ್ಣೆಗೆ ಇಲ್ಲಿ ದೊಡ್ಡ ಹೆಸರಿದೆ. ಅದು ಸೇವಂತಿಗೆ, ಪಾರ್ಥೇನಿಯಂ ಸೇರಿದ ಕುಟುಂಬದ ಗಿಡ. ಪಾರ್ಥೇನಿಯಂ ಕಳೆ ನಮ್ಮ ದೇಶದಲ್ಲಿ ಮೊದಲು ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಇಲ್ಲೇ ಪುಣೆಯಲ್ಲಿ. ಅದರ ಅಲರ್ಜಿ ಇರುವವರಿಗೆ ಸೇವಂತಿಗೆ ಮುಡಿದರೂ ಕತ್ತು ತುರಿಸಬಹುದು. ಅಂಥವರು ಭೃಂಗರಾಜದ ಎಣ್ಣೆಯನ್ನೂ ಪರೀಕ್ಷೆ ಮಾಡದೆ ಹಚ್ಚಬಾರದು.

ಹೊಟ್ಟು ಇದ್ದವರಿಗೆ ಬೇಸರದ ಸುದ್ದಿ. ರಾತ್ರಿಯಿಡೀ ಎಣ್ಣೆ ಬಿಟ್ಟರೆ ಪದರ ಮೆದುವಾದಂತೆ ಕಾಣುತ್ತದೆ, ಶಿಲೀಂಧ್ರಕ್ಕೂ ಊಟ ಸಿಗುತ್ತದೆ. ಹಬ್ಬದ ಅಭ್ಯಂಜನ ಬಿಡಲಾರೆ ಎಂದರೆ ಅರ್ಧ ಗಂಟೆ ಮುಂಚೆ ಹಚ್ಚಿ ಚೆನ್ನಾಗಿ ತೊಳೆಯಿರಿ.

ಬಣ್ಣ: ಇಲ್ಲಿ ಮಾತ್ರ ಅವಸರ ಬೇಡ

ಶಾಂಪೂ ತಪ್ಪಾದರೆ ತುರಿಕೆ. ಬಣ್ಣ ತಪ್ಪಾದರೆ ಮುಖವೇ ಊದಿ ಆಸ್ಪತ್ರೆ ಸೇರಬೇಕಾದೀತು. ನರೆಯನ್ನು ಗಾಢ ಕಪ್ಪಾಗಿ ಮುಚ್ಚುವ ಪುಡಿ, ಕ್ರೀಮ್ ಡೈಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದೇ ಪಿಪಿಡಿ ಅಥವಾ ಅದರ ನಂಟಿನ ರಾಸಾಯನಿಕಗಳಿಂದ. ಅಗ್ಗ, ಅರ್ಧ ಗಂಟೆಯ ಕೆಲಸ, ತಿಂಗಳು ನಿಲ್ಲುತ್ತದೆ. ಇದಕ್ಕೆ ಸರಿಸಾಟಿಯಾದ ಬದಲಿ ಇಲ್ಲ ಎಂಬುದನ್ನು ಒಪ್ಪಲೇಬೇಕು. "ಇಪ್ಪತ್ತು ವರ್ಷದಿಂದ ಇದೇ ಹಾಕ್ತಿದ್ದೀನಿ" ಎಂಬ ಮಾತು ಮಾತ್ರ ಧೈರ್ಯ ಕೊಡುವಂಥದ್ದಲ್ಲ. ಈ ಅಲರ್ಜಿ ಎಷ್ಟೋ ವರ್ಷ ಬಳಸಿದ ಮೇಲೂ ಹುಟ್ಟಬಹುದು, ಹುಟ್ಟಿದ ಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಬೀಚಿನಲ್ಲಿ ಹಾಕಿಸಿಕೊಳ್ಳುವ ಕಪ್ಪು ತಾತ್ಕಾಲಿಕ ಟ್ಯಾಟೂವಿನಿಂದಲೂ ಶುರುವಾಗಬಹುದು. ಗೋವಾಕ್ಕೆ ಹೋಗುವ ಮಕ್ಕಳಿಗೆ ಇದನ್ನು ಹೇಳಿಡಿ.

'ಅಮೋನಿಯಾ ಫ್ರೀ' ಎಂದರೆ ಮೂಗಿಗೆ ಘಾಟು ಇಲ್ಲ, ಅಷ್ಟೇ. ಪಿಪಿಡಿ ಇದ್ದೇ ಇರಬಹುದು. 'ಪಿಪಿಡಿ ಫ್ರೀ' ಎಂದಿರುವ ಡಬ್ಬಿಗಳಲ್ಲಿ ಹೆಚ್ಚಾಗಿ ಟೊಲ್ಯೂಯಿನ್-2,5-ಡಯಮೀನ್ ಇರುತ್ತದೆ. ಹಿಂದೆ ತೊಂದರೆ ಆಗಿರದ, ಮುನ್ನೆಚ್ಚರಿಕೆ ಬಯಸುವವರಿಗೆ ಅದು ಸರಿ. ಪಿಪಿಡಿ ಅಲರ್ಜಿ ಈಗಾಗಲೇ ಇರುವವರಲ್ಲಿ ಬಹಳ ಜನಕ್ಕೆ ಇದೂ ಆಗಿಬರುವುದಿಲ್ಲ.

ಮದರಂಗಿ ಒಳ್ಳೆಯದಲ್ಲವೇ ಎಂದರೆ, ಶುದ್ಧವಾಗಿದ್ದರೆ ಒಳ್ಳೆಯದೇ. ಶುದ್ಧ ಮದರಂಗಿ ಕೊಡುವುದು ಕಿತ್ತಳೆಗೆಂಪು ಬಣ್ಣ ಮಾತ್ರ. ಒಂದೇ ಸಲಕ್ಕೆ, ಒಂದೇ ಗಂಟೆಯಲ್ಲಿ ಕಪ್ಪಾಗುವ 'ಕಪ್ಪು ಮೆಹಂದಿ' ಪೊಟ್ಟಣದ ಮೇಲೆ ಎಲೆಯ ಚಿತ್ರ ಎಷ್ಟೇ ಹಸಿರಾಗಿರಲಿ, ಒಳಗೆ ಪಿಪಿಡಿ ಇದೆ ಎಂದೇ ಹಿಡಿಯಿರಿ. ಕಪ್ಪೇ ಬೇಕಿದ್ದರೆ ಎರಡು ಹಂತದ ದಾರಿ ಇದೆ. ಮೊದಲು ಶುದ್ಧ ಮದರಂಗಿ ಹಚ್ಚಿ ತೊಳೆದು, ಆಮೇಲೆ ನೀಲಿ ಎಲೆಯ ಪುಡಿ, ಅಂದರೆ ಇಂಡಿಗೋ. ಕಂದುಗಪ್ಪು ಬರುತ್ತದೆ, ಒಂದೆರಡು ದಿನದಲ್ಲಿ ಇನ್ನಷ್ಟು ಗಾಢವಾಗುತ್ತದೆ. ಬೆಲೆ ಹೆಚ್ಚಿಲ್ಲ, ಆದರೆ ಅರ್ಧ ದಿನ ಹೋಗುತ್ತದೆ, ಬಚ್ಚಲೆಲ್ಲ ನೀಲಿ. ಇಂಡಿಗೋ ಒಂದನ್ನೇ ಹಚ್ಚಿದರೆ ನರೆ ಹಸಿರುಮಿಶ್ರಿತವಾಗಿ ಕಾಣುತ್ತದೆ. ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರಿಗೆ ಮದರಂಗಿ ರಕ್ತಕಣಗಳನ್ನು ಒಡೆಯುವ ಅಪಾಯ ಇದೆ, ಅವರಿಗೆ ಬೇಡವೇ ಬೇಡ.

ಮದುವೆಗೋ ಸಂಘದ ವಾರ್ಷಿಕೋತ್ಸವಕ್ಕೋ ಒಂದು ಸಂಜೆಯ ಮಟ್ಟಿಗೆ ಮುಂದಲೆಯ ನರೆ ಮುಚ್ಚಬೇಕಿದ್ದರೆ ಮಸ್ಕರಾದಂಥ ಬ್ರಶ್ ಬಣ್ಣ ಸಾಕು. ಕೂದಲಿಗೆ ಮಾತ್ರ ಸವರಬಹುದು, ರಾತ್ರಿ ತೊಳೆದರೆ ಹೋಗುತ್ತದೆ. ಮೇ ತಿಂಗಳ ಬೆವರಿಗೆ ಅದು ಇಳಿದು ಹಣೆಗೆ ಬರುತ್ತದೆ ಎಂಬುದು ನೆನಪಿರಲಿ. ಪಾರ್ಲರಿನಲ್ಲಿ ಫಾಯಿಲ್ ಕಟ್ಟಿ ಬುಡಕ್ಕೆ ತಾಗದಂತೆ ಗೆರೆಗೆರೆಯಾಗಿ ಬಣ್ಣ ಹಾಕಿಸುವುದು ಇನ್ನೊಂದು ದಾರಿ. ಬರೀ ಉರಿ ಇರುವವರಿಗೆ ಅದು ನಡೆಯುತ್ತದೆ, ಅಲರ್ಜಿ ಖಚಿತವಾದವರಿಗೆ ನಡೆಯುವುದಿಲ್ಲ.

ಯಾವ ಡೈ ಆದರೂ ಪ್ರತಿ ಸಲ ಪರೀಕ್ಷೆ ಬೇಕು. ಡಬ್ಬಿಯಲ್ಲಿ ಹೇಳಿದ ಹಾಗೆ ಕಿವಿಯ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ ಚೂರು ಹಚ್ಚಿ 48 ಗಂಟೆ ಕಾಯಿರಿ. ಹತ್ತು ನಿಮಿಷ ನೋಡಿ 'ಏನೂ ಆಗಲಿಲ್ಲ' ಎನ್ನುವ ಪಾರ್ಲರ್ ಪರೀಕ್ಷೆಗೆ ಅರ್ಥವಿಲ್ಲ, ಈ ಅಲರ್ಜಿ ಬರುವುದೇ ತಡವಾಗಿ. ಹಿಂದೆ ಒಮ್ಮೆ ಮುಖ ಊದಿದ್ದರೆ ಮನೆಯ ಪರೀಕ್ಷೆಯೂ ಬೇಡ, ಚರ್ಮದ ವೈದ್ಯರೇ ಮಾಡಲಿ.

ಬಾಚಣಿಗೆ, ಪಿನ್ನು, ಡ್ರೈಯರ್, ಸ್ಟ್ರೈಟ್ನರ್

ಇಮಿಟೇಶನ್ ಓಲೆ ಹಾಕಿದರೆ ಕಿವಿ ತುರಿಸುತ್ತದೆಯೇ? ಹಾಗಿದ್ದರೆ ನಿಕಲ್ ಅಲರ್ಜಿ ಇರಬಹುದು. ಕಪ್ಪು ಹೇರ್‌ಪಿನ್‌ನ ತುದಿಯ ಬಣ್ಣ ಸವೆದ ಕೂಡಲೇ ಅದೇ ಲೋಹ ನೆತ್ತಿಗೆ ತಾಗುತ್ತದೆ. ಪ್ಲಾಸ್ಟಿಕ್ ಕ್ಲಿಪ್ಪಿಗೆ ಬದಲಿಸಿ ನೋಡಿ, ಇಡೀ ಲೇಖನದಲ್ಲಿ ಅತಿ ಅಗ್ಗದ ಪ್ರಯೋಗ ಇದು. ರಬ್ಬರ್ ಮೆತ್ತೆಯ ಬ್ರಶ್ಶು, ರಬ್ಬರ್ ಬ್ಯಾಂಡು ಕೂಡ ಕೆಲವರಿಗೆ ಆಗುವುದಿಲ್ಲ. ಅಗಲ ಹಲ್ಲಿನ ಮರದ ಬಾಚಣಿಗೆ ಹಿತ, ಆದರೆ ವಾರ್ನಿಶ್ ಬಳಿದಿರಬಾರದು, ಒದ್ದೆ ಬಿಟ್ಟರೆ ಬೂಸಲು ಹಿಡಿಯುತ್ತದೆ. ಮಳೆಗಾಲದಲ್ಲಿ ತೊಳೆಯಲು ಪ್ಲಾಸ್ಟಿಕ್ಕೇ ಸಲೀಸು.

ಡ್ರೈಯರ್ ಬೇಡವೇ ಬೇಡ ಎನ್ನುವವರು ಜುಲೈಯಲ್ಲಿ ಮುಂಬೈಗೆ ಬಂದು ನೋಡಲಿ. ಇಡೀ ದಿನ ಒದ್ದೆ ಇರುವ ನೆತ್ತಿಗಿಂತ ತಂಪು ಗಾಳಿಯ ಐದು ನಿಮಿಷ ಮೇಲು. ಕೊಳ್ಳುವಾಗ ವಾಟ್ ಜಾಸ್ತಿ ಇದೆಯೇ ಎಂದು ನೋಡುವ ಬದಲು 'ಕೂಲ್' ಗುಂಡಿ ಇದೆಯೇ ನೋಡಿ. ಅಗ್ಗದ ಮಾದರಿಗಳಲ್ಲಿ ಅದೇ ಇರುವುದಿಲ್ಲ. 15 ಸೆಂಟಿಮೀಟರ್ ದೂರ ಹಿಡಿದು ಆಡಿಸುತ್ತಿರಿ. ಅಯಾನಿಕ್ ಎಂಬ ಹೆಸರಿಗೆ ಹೆಚ್ಚು ಕೊಟ್ಟರೆ ಕೂದಲು ಸ್ವಲ್ಪ ನುಣುಪಾದೀತು, ನೆತ್ತಿಗೆ ಅದರಿಂದ ಲಾಭವಿಲ್ಲ.

ಸ್ಟ್ರೈಟ್ನರ್ ನೆತ್ತಿಗೆ ತಾಗುವುದಿಲ್ಲ. ತೊಂದರೆ ಕೊಡುವುದು ಅದಕ್ಕೆ ಮುಂಚೆ ಸಿಂಪಡಿಸುವ 'ಹೀಟ್ ಪ್ರೊಟೆಕ್ಟ್' ಸ್ಪ್ರೇ. ಸುವಾಸನೆ ತುಂಬಿದ, ತೊಳೆಯದೆ ಬಿಡುವ ವಸ್ತು ಅದು. ಬಿಸಿ ಹೊಂದಿಸುವ ಗುಂಡಿ ಇರುವ ಯಂತ್ರ ತಂದು, ಕಡಿಮೆ ಬಿಸಿಯಲ್ಲಿ ಅಪರೂಪಕ್ಕೆ ಬಳಸಿದರೆ ಸ್ಪ್ರೇ ಇಲ್ಲದೆಯೂ ನಡೆಯುತ್ತದೆ. ಪಾರ್ಲರಿನಲ್ಲಿ ರಾಸಾಯನಿಕ ಹಚ್ಚಿ ಕೂದಲು ನುಣುಪು ಮಾಡುವ ಕೆರಟಿನ್, ಸ್ಮೂದನಿಂಗ್ ಮಾತ್ರ ಸೂಕ್ಷ್ಮ ನೆತ್ತಿಯವರಿಗೆ ನಾನು ಹೇಳುವುದೇ ಇಲ್ಲ. ಫಾರ್ಮಾಲ್ಡಿಹೈಡ್ ಇರುವವು ಅಲರ್ಜಿ ತರುತ್ತವೆ, ಆ ಹಬೆ ಉಸಿರಿಗೂ ಕೆಟ್ಟದ್ದು. 'ಫಾರ್ಮಲಿನ್ ಫ್ರೀ' ಎನ್ನುವ ಕೆಲವದರಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಅದನ್ನು ಬಳಸಿದ ಮೇಲೆ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಸಾವಿರಗಟ್ಟಲೆ ಕೊಟ್ಟು ಕೊಳ್ಳುವ ಅಪಾಯ ಯಾಕೆ?

ಯಾರು ಎಲ್ಲಿಂದ ಶುರುಮಾಡಬೇಕು

ಉರಿ ಮಾತ್ರ ಇದ್ದರೆ ಹೊಸದೇನೂ ಕೊಳ್ಳಬೇಡಿ. ಇರುವ ಶಾಂಪೂವನ್ನು ಮಗ್ಗಿನ ನೀರಿಗೆ ಕಲಸಿ ತೆಳು ಮಾಡಿ, ವಾರಕ್ಕೆರಡು ಸಲಕ್ಕೆ ಇಳಿಸಿ, ಉಗುರುಬೆಚ್ಚಗಿನ ನೀರು ಬಳಸಿ. ಅದರಲ್ಲಿ ತಗ್ಗದಿದ್ದರೆ ಸಲ್ಫೇಟ್ ಇಲ್ಲದ್ದಕ್ಕೆ ದುಡ್ಡು ಹಾಕಿ. ಪಿಜಿಯಲ್ಲಿರುವ ಹುಡುಗಿಯರಿಗೆ ಸೀಗೆ ಕುದಿಸಲು ಒಲೆ ಇರುವುದಿಲ್ಲ. ಸುವಾಸನೆ ಇಲ್ಲದ ಒಂದು ಶಾಂಪೂ, ತಿನ್ನುವ ಕೊಬ್ಬರಿ ಎಣ್ಣೆ, ಒಂದು ಪ್ಲಾಸ್ಟಿಕ್ ಕ್ಲಿಪ್ ಇದ್ದರೆ ಉಳಿದದ್ದು ಯಾವುದೂ ಬೇಕಿಲ್ಲ.

ಕಣ್ಣುರೆಪ್ಪೆ, ಕಿವಿ, ಕತ್ತಿನಲ್ಲಿ ಪದೇ ಪದೇ ಏಳುತ್ತಿದ್ದರೆ ಮುಂದಿನ ದುಬಾರಿ ಬಾಟಲಿಯ ದುಡ್ಡನ್ನು ಪ್ಯಾಚ್ ಟೆಸ್ಟಿಗೆ ಇಡಿ. ಬೆನ್ನಿಗೆ ಚಿಕ್ಕ ಚಿಕ್ಕ ಪಟ್ಟಿ ಅಂಟಿಸಿ, 48 ಗಂಟೆಗೆ ತೆಗೆದು ಒಮ್ಮೆ, ಇನ್ನೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಯಾವ ವಸ್ತು ಆಗದು ಎಂದು ಹೆಸರು ಹಿಡಿದು ಹೇಳಲು ಇದೇ ದಾರಿ. ಸಾಯನ್, ಕೆಇಎಂ, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳ ಚರ್ಮ ವಿಭಾಗದಲ್ಲಿ ಖರ್ಚು ಕಡಿಮೆ, ಆದರೆ ಕಾಯಬೇಕು. ಪರೀಕ್ಷೆ ಮಾಡುತ್ತಾರೆಯೇ, ಯಾವ ದಿನ ಎಂದು ಮೊದಲೇ ವಿಚಾರಿಸಿ ಹೋಗಿ. ಖಾಸಗಿಯಲ್ಲಿ ದುಡ್ಡು ಜಾಸ್ತಿ, ಕಾಯುವುದು ಕಡಿಮೆ. ಎಲ್ಲಿ ಮಾಡಿಸಿದರೂ ಬಳಸುವ ಬಾಟಲಿ, ಡಬ್ಬಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಬೆನ್ನು ನೆನೆಯಬಾರದು, ಬೆವರಿದರೆ ಪಟ್ಟಿ ಕಿತ್ತುಬರುತ್ತದೆ. ಅದಕ್ಕೆ ಮುಂಬೈಯವರಿಗೆ ಡಿಸೆಂಬರ್, ಜನವರಿಯೇ ಅನುಕೂಲ.